ಊಟದ ಚೀಟಿ ಎಲ್ಲರಿಗೂ ಒಂದೇ ಅಲ್ಲ

ಮಲೆನಾಡಿನ ಯಾವ ಮದುವೆಮನೆಯ ಪಂಕ್ತಿಯಲ್ಲಿ ಕುಳಿತರೂ ಈಗ ಒಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ಹೋಳಿಗೆ ಬಡಿಸುವವರು ಬರುತ್ತಿದ್ದಂತೆ ಬಾಳೆಲೆಗಳ ಮೇಲೆ ಅಂಗೈಗಳು ಅಡ್ಡ ಬರುತ್ತವೆ. ‘ಬೇಡ, ಶುಗರ್ ಇದ್ದು’ ಎಂಬ ಮಾತು ಒಂದೆಲೆಯಿಂದ ಇನ್ನೊಂದೆಲೆಗೆ ದಾಟುತ್ತದೆ. ಆದರೆ ಅದೇ ಅಂಗೈ ಅನ್ನದ ಎರಡನೆಯ ಮತ್ತು ಮೂರನೆಯ ಸರದಿಗೆ ಹಿಂದೆ ಸರಿದಿರುತ್ತದೆ. ಸಾರಿಗೊಮ್ಮೆ ಅನ್ನ, ಸಾಂಬಾರಿಗೊಮ್ಮೆ ಅನ್ನ, ಮಜ್ಜಿಗೆಗೊಮ್ಮೆ ಅನ್ನ. ಊಟ ಮುಗಿದ ಮೇಲೆ ಜಗಲಿಯಲ್ಲಿ ಕವಳದ ತಟ್ಟೆ. ಹೋಳಿಗೆಯಲ್ಲಿ ಮಾತ್ರ ಸಕ್ಕರೆಯಿದೆ, ಅನ್ನದಲ್ಲಿ ಇಲ್ಲ ಎಂಬ ನಂಬಿಕೆಯೇ ಈ ಪ್ರದೇಶದ ಆರೋಗ್ಯವನ್ನು ಅರ್ಧಕ್ಕರ್ಧ ಆಳುತ್ತಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಮಧುಮೇಹ ಒಂಟಿಯಾಗಿ ಬರುವ ಅತಿಥಿಯಲ್ಲ. ೧೯೮೮ರಲ್ಲಿ ಅಮೆರಿಕದ ವೈದ್ಯವಿಜ್ಞಾನಿ ಜೆರಾಲ್ಡ್ ರೀವನ್ ಅವರು ಒಂದೇ ಬೇರಿನಿಂದ ಹೊರಡುವ ಹಲವು ತೊಂದರೆಗಳನ್ನು ಒಟ್ಟಾಗಿ ನೋಡಬೇಕೆಂದು ಪ್ರತಿಪಾದಿಸಿದರು. ದೇಹದ ಜೀವಕೋಶಗಳು ಇನ್ಸುಲಿನ್ನಿನ ಮಾತನ್ನು ಕೇಳದೆ ಮೊಂಡಾಗುವುದೇ ಆ ಬೇರು. ಇಂದು ಇದಕ್ಕೆ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಚಯಾಪಚಯ ರೋಗಕೂಟ ಎಂಬ ಹೆಸರಿದೆ. ಐದು ಲಕ್ಷಣಗಳಲ್ಲಿ ಯಾವ ಮೂರು ಕಂಡರೂ ರೋಗಕೂಟವಿದೆ ಎಂದು ಲೆಕ್ಕ: ಹಿಗ್ಗಿದ ಸೊಂಟ, ೧೩೦/೮೫ ದಾಟಿದ ರಕ್ತದೊತ್ತಡ, ಬರಿಹೊಟ್ಟೆಯ ರಕ್ತದಲ್ಲಿ ಡೆಸಿಲೀಟರಿಗೆ ೧೦೦ ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಗ್ಲೂಕೋಸ್, ೧೫೦ ಮುಟ್ಟಿದ ಟ್ರೈಗ್ಲಿಸರೈಡ್, ಗಂಡಸರಲ್ಲಿ ೪೦ಕ್ಕಿಂತ, ಹೆಂಗಸರಲ್ಲಿ ೫೦ಕ್ಕಿಂತ ಕಡಿಮೆಯಾದ ‘ಒಳ್ಳೆಯ’ ಕೊಲೆಸ್ಟರಾಲ್. ದಕ್ಷಿಣ ಏಷ್ಯಾದವರಿಗೆ ಸೊಂಟದ ಮಿತಿ ಗಂಡಸರಲ್ಲಿ ೯೦, ಹೆಂಗಸರಲ್ಲಿ ೮೦ ಸೆಂಟಿಮೀಟರ್. ದರ್ಜಿಯ ಅಳತೆಪಟ್ಟಿಯೊಂದಿದ್ದರೆ ಐದರಲ್ಲಿ ಒಂದು ಪರೀಕ್ಷೆ ಮನೆಯಲ್ಲೇ ಮುಗಿಯುತ್ತದೆ.

ಇಲ್ಲಿ ಸೊಂಟಕ್ಕೇ ಏಕೆ ಮಹತ್ವ? ಪುಣೆಯ ವೈದ್ಯವಿಜ್ಞಾನಿ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ೨೦೦೪ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ದೇಹದ ಅಳತೆಗಳನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ೨೨.೩. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. ೯.೧, ಯಾಜ್ಞಿಕ್ ಅವರಲ್ಲಿ ಶೇ. ೨೧.೨. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೊತ್ತಿರುವ ಈ ಮೈಕಟ್ಟು ಭಾರತೀಯರಲ್ಲಿ ವ್ಯಾಪಕ. ತಾಯಿಯ ಗರ್ಭದಲ್ಲಿರುವಾಗಲೇ ಪೋಷಣೆ ಸಾಲದೆ ಸ್ನಾಯು ಕಡಿಮೆಯಾಗಿ ಹುಟ್ಟಿದ ಶಿಶು, ಮುಂದೆ ಉಣ್ಣಲು ಧಾರಾಳವಾಗಿ ಸಿಕ್ಕಾಗ ಮೊದಲು ಹೊಟ್ಟೆಯ ಸುತ್ತ ಕೊಬ್ಬು ಕೂಡಿಡುತ್ತದೆ ಎಂಬುದು ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ದಶಕಗಳ ಕಾಲ ನಡೆದ ಅಧ್ಯಯನಗಳ ಸಾರ. ಎರಡು ತಲೆಮಾರಿನ ಹಿಂದೆ ಮಳೆಗಾಲದಲ್ಲಿ ಗಂಜಿಗೂ ಲೆಕ್ಕ ಹಾಕಿದ ಮನೆಗಳ ಮೊಮ್ಮಕ್ಕಳು ಇಂದು ಮಾತ್ರೆಯ ಡಬ್ಬಿ ಹಿಡಿದು ಓಡಾಡುತ್ತಿರುವುದಕ್ಕೆ ಅವರ ನಾಲಿಗೆಯ ಚಪಲವೊಂದೇ ಕಾರಣವಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆಯೊಂದರ ಫಲಿತಾಂಶ ೨೦೨೩ರಲ್ಲಿ ಹೊರಬಂತು. ಅದರ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು ೧೦ ಕೋಟಿಗೂ ಹೆಚ್ಚು, ಮಧುಮೇಹದ ಹೊಸ್ತಿಲಲ್ಲಿರುವವರು ೧೩ ಕೋಟಿಗೂ ಹೆಚ್ಚು. ವಯಸ್ಕರಲ್ಲಿ ಶೇ. ೩೫.೫ರಷ್ಟು ಜನಕ್ಕೆ ಅಧಿಕ ರಕ್ತದೊತ್ತಡ, ಶೇ. ೩೯.೫ರಷ್ಟು ಜನಕ್ಕೆ ಹೊಟ್ಟೆಯ ಬೊಜ್ಜು. ಅದೇ ಸಮೀಕ್ಷೆಯ ಆಹಾರದ ಭಾಗ ೨೦೨೫ರಲ್ಲಿ ಪ್ರಕಟವಾಯಿತು: ಭಾರತೀಯರ ಒಟ್ಟು ಶಕ್ತಿಯಲ್ಲಿ ಸುಮಾರು ಶೇ. ೬೨ ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತಿದೆ; ದಕ್ಷಿಣದಲ್ಲಿ ಅದರ ಬಹುಪಾಲು ಪಾಲಿಶ್ ಮಾಡಿದ ಬಿಳಿ ಅಕ್ಕಿಯದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ೨೦೨೪ರ ಮಾರ್ಗದರ್ಶಿಯಲ್ಲಿ ಧಾನ್ಯದಿಂದ ಬರುವ ಶಕ್ತಿ ಶೇ. ೪೫ನ್ನು ಮೀರಬಾರದೆಂದು ಹೇಳಿದೆ. ದಿನಕ್ಕೆ ೨,೦೦೦ ಕಿಲೋಕ್ಯಾಲರಿಯ ಊಟದಲ್ಲಿ ಧಾನ್ಯ ೨೫೦ ಗ್ರಾಂ, ತರಕಾರಿ ೪೦೦ ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ ೮೫ ಗ್ರಾಂ ಇರಬೇಕೆಂಬುದು ಅದರ ಲೆಕ್ಕ. ಘಟ್ಟದ ಮೇಲಿನ ಸಾಮಾನ್ಯ ಮನೆಯ ಮಧ್ಯಾಹ್ನದ ತಟ್ಟೆಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಅಕ್ಕಿ ಉಕ್ಕಿ ಹರಿಯುತ್ತದೆ, ಕಾಳು ತಳದಲ್ಲೆಲ್ಲೋ ಕಾಣುತ್ತದೆ.

ಈ ತಟ್ಟೆ ಹೀಗಾದದ್ದು ಅಡುಗೆಮನೆಯಲ್ಲಲ್ಲ, ಗದ್ದೆಯಲ್ಲಿ. ಹೆಗ್ಗೆ, ಜಡ್ಡುಬತ್ತ, ನೆರೆ ತಡೆಯುವ ನೆರೆಗೂಳಿ, ಅಘನಾಶಿನಿಯ ಅಳಿವೆಯ ಉಪ್ಪುನೀರಿನ ಕಗ್ಗ — ಇಂಥ ಕೆಂಪಕ್ಕಿ, ದಪ್ಪಕ್ಕಿಯ ತಳಿಗಳನ್ನು ಬೆಳೆಯುತ್ತಿದ್ದ ಗದ್ದೆಗಳು ಒಂದೊಂದಾಗಿ ಮಣ್ಣು ತುಂಬಿಸಿಕೊಂಡು ಅಡಿಕೆ ತೋಟಗಳಾದವು. ಉಳಿದ ಗದ್ದೆಗಳ ಬತ್ತ ದೊಡ್ಡ ಗಿರಣಿಗಳಿಗೆ ಹೋಯಿತು. ಊರಿನ ಸಣ್ಣ ಗಿರಣಿಗಳು ಮುಚ್ಚಿದವು. ಅಕ್ಕಿಯ ತೌಡಿನಲ್ಲಿ ಎಣ್ಣೆಯ ಅಂಶವಿದೆ. ಬತ್ತ ಸುಲಿದ ಗಳಿಗೆಯಿಂದಲೇ ಅದು ಕಮಟಲು ಆರಂಭವಾಗುತ್ತದೆ. ಆದ್ದರಿಂದ ತೌಡಿರುವ ಅಕ್ಕಿಯನ್ನು ತಿಂಗಳುಗಟ್ಟಲೆ ದಾಸ್ತಾನು ಮಾಡಿ ದೂರದೂರಿಗೆ ಸಾಗಿಸುವುದು ವ್ಯಾಪಾರಕ್ಕೆ ಒಗ್ಗುವುದಿಲ್ಲ. ಪಾಲಿಶ್ ಅಕ್ಕಿ ಗೆದ್ದದ್ದು ರುಚಿಯಿಂದಲ್ಲ, ಬಾಳಿಕೆಯಿಂದ. ಬತ್ತವನ್ನು ಬೇಯಿಸಿ ಒಣಗಿಸಿ ಸುಲಿಯುವ ಕುಚ್ಚಲಕ್ಕಿಯ ಪದ್ಧತಿ ಈ ಸಮಸ್ಯೆಗೆ ಹಳಬರು ಕಂಡುಕೊಂಡ ಉತ್ತರವಾಗಿತ್ತು: ಬೇಯಿಸಿದಾಗ ತೌಡಿನ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ, ಪಿಷ್ಟ ಬಿಗಿಯಾಗುತ್ತದೆ, ತೌಡಿನ ಕಿಣ್ವ ಸಾಯುತ್ತದೆ. ಕರಾವಳಿಯಲ್ಲಿ ಅದು ಇನ್ನೂ ಉಳಿದಿದೆ. ಘಟ್ಟದ ಮೇಲೆ ಸಣ್ಣಕ್ಕಿಯ ಬಿಳುಪೇ ಅಂತಸ್ತಿನ ಗುರುತಾಯಿತು.

ಗದ್ದೆಯ ಜೊತೆ ಹೋದದ್ದು ಅಕ್ಕಿಯೊಂದೇ ಅಲ್ಲ. ಗದ್ದೆಯ ಬದುವಿನ ಸೊಪ್ಪು, ಸುಗ್ಗಿಯ ನಂತರದ ಕಾಳು, ಹೊಳೆಗದ್ದೆಯ ಮೀನು, ಎಲ್ಲವೂ ಹೋದವು. ಹಿತ್ತಲಿನ ಬಾಳೆ, ಬಸಳೆ, ಸುವರ್ಣಗೆಡ್ಡೆಗಳಿಗೆ ಮಂಗ ಮತ್ತು ಹಂದಿಗಳ ಕಾಟ. ಬೇಲಿ ಹಾಕಿ ಸೋತ ಮನೆಗಳು ಈಗ ವಾರಕ್ಕೊಮ್ಮೆ ಸಂತೆಯಿಂದ ಎಲೆಕೋಸು ತರುತ್ತವೆ. ಬೆಟ್ಟಕ್ಕೆ ಹೋಗಿ ಕಳಲೆ, ಅಣಬೆ, ಸೊಪ್ಪು ತರುವ ರೂಢಿಗೆ ಮಂಗನ ಕಾಯಿಲೆಯ ಭಯವೂ ಅಡ್ಡಬಂದಿದೆ. ೨೦೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದ ಮೇಲಂತೂ ಅದು ಇನ್ನಷ್ಟು ಗಟ್ಟಿಯಾಯಿತು. ಹೀಗಿರುವಾಗ ‘ಹಿರಿಯರಂತೆ ಉಣ್ಣಿ’ ಎಂಬ ಉಪದೇಶ ಹೇಳುವವರಿಗೆ ಹಗುರ, ಕೇಳುವವರಿಗೆ ಭಾರ.

ಪರಿಸರ ಚಳವಳಿಯೂ ಈ ವಿಷಯದಲ್ಲಿ ಸ್ವಲ್ಪ ಆತ್ಮವಿಮರ್ಶೆ ಮಾಡಿಕೊಳ್ಳಬೇಕಾಗಿದೆ. ಸಾವಯವ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಬೆಲ್ಲ ಸಕ್ಕರೆಯಲ್ಲವಾಗುವುದಿಲ್ಲ. ಆಲೆಮನೆಯ ಜೋನಿಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಗಳಿರಬಹುದು. ಆದರೆ ತೆಳ್ಳೇವಿನ ಜೊತೆ ಎರಡು ಚಮಚ ಜೋನಿಬೆಲ್ಲ ತಿಂದ ಮಧುಮೇಹಿಯ ರಕ್ತ ಅದನ್ನು ಸಕ್ಕರೆಯೆಂದೇ ಓದುತ್ತದೆ. ಜೇನಿನ ಕಥೆಯೂ ಅದೇ. ದೇಸಿ ತಳಿಯ ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿಸಿ ಉಂಡರೆ ತಳಿ ಉಳಿಯುತ್ತದೆ, ಉಂಡವರ ಆರೋಗ್ಯ ಅಷ್ಟಾಗಿ ಸುಧಾರಿಸದು. ನುಣ್ಣಗೆ ಬೀಸಿದ ರಾಗಿಹಿಟ್ಟಿನ ಗಂಜಿ ಬೇಗನೆ ಜೀರ್ಣವಾಗಿ ಗ್ಲೂಕೋಸನ್ನು ಏರಿಸಬಲ್ಲದು. ಹಲಸಿನ ಗುಜ್ಜೆಯ ಪಲ್ಯ ಬೇರೆ, ಹಲಸಿನ ಹಣ್ಣಿನ ತೊಳೆ ಬೇರೆ. ಜೋಯಿಡಾದ ಕುಣಬಿಗಳು ಕಾಪಾಡಿಕೊಂಡು ಬಂದಿರುವ ಗೆಡ್ಡೆಗೆಣಸುಗಳು ಅಮೂಲ್ಯವಾದವು, ನಿಜ. ಆದರೆ ಅವನ್ನು ಅನ್ನದ ಬದಲಿಗೆ ಉಣ್ಣಬೇಕೇ ಹೊರತು ಅನ್ನದ ಮೇಲೆ ಅಲ್ಲ. ಅಪ್ಪೆಮಿಡಿಯ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಗುಣಗಾನ ಮಾಡುವಾಗ ಅವುಗಳಲ್ಲಿ ಅಡಗಿದ ಉಪ್ಪನ್ನು ಯಾರೂ ಲೆಕ್ಕ ಹಾಕುವುದಿಲ್ಲ. ದಿನಕ್ಕೆ ೫ ಗ್ರಾಂ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಸಣ್ಣ ಚಮಚ. ಮಳೆಗಾಲದ ಗಂಜಿ-ಉಪ್ಪಿನಕಾಯಿಯ ಒಂದೇ ಊಟದಲ್ಲಿ ಅದರ ದೊಡ್ಡ ಪಾಲು ಮುಗಿದಿರುತ್ತದೆ.

ಇನ್ನೊಂದು ದಿಕ್ಕಿನಿಂದ ಪೇಟೆ ಬರುತ್ತಿದೆ. ‘ನಿಮಗಾಗಿಯೇ ರೂಪಿಸಿದ ಆಹಾರಕ್ರಮ’ ಎಂಬ ಸರಕು ಈಗ ಮೊಬೈಲಿನ ಮೂಲಕ ಹಳ್ಳಿಯನ್ನೂ ತಲುಪಿದೆ. ತೋಳಿಗೆ ಅಂಟಿಸಿಕೊಳ್ಳುವ ಗ್ಲೂಕೋಸ್ ಮಾಪಕ, ಕರುಳಿನ ಸೂಕ್ಷ್ಮಜೀವಿಗಳ ಪರೀಕ್ಷೆ, ತಿಂಗಳ ಚಂದಾ, ಜೊತೆಗೆ ಡಬ್ಬಿಯಲ್ಲಿ ಬರುವ ಪುಡಿ. ಇದರ ಹಿಂದಿನ ವಿಜ್ಞಾನ ಸುಳ್ಳಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಎರಾನ್ ಸೆಗಲ್ ಮತ್ತು ಎರಾನ್ ಎಲಿನಾವ್ ತಂಡ ೨೦೧೫ರಲ್ಲಿ ೮೦೦ ಜನರ ಮೇಲೆ ಒಂದು ವಾರ ಮಾಪಕವಿಟ್ಟು ನೋಡಿದಾಗ, ಒಂದೇ ಆಹಾರಕ್ಕೆ ಬೇರೆಬೇರೆಯವರ ರಕ್ತದ ಗ್ಲೂಕೋಸ್ ಬಹಳ ಬೇರೆಬೇರೆಯಾಗಿ ಏರುವುದು ಕಂಡಿತು. ಬ್ರಿಟನ್ ಮತ್ತು ಅಮೆರಿಕದ ಸುಮಾರು ೧,೦೦೦ ಜನರ ಮೇಲೆ ನಡೆದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತದ್ರೂಪಿ ಅವಳಿಗಳ ದೇಹವೂ ಒಂದೇ ಊಟಕ್ಕೆ ಒಂದೇ ರೀತಿ ಉತ್ತರಿಸಲಿಲ್ಲ. ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಒಬ್ಬನೇ ವ್ಯಕ್ತಿ ಅದೇ ಊಟವನ್ನು ಮತ್ತೊಂದು ದಿನ ಉಂಡಾಗಲೂ ಮಾಪಕ ಬೇರೆ ಅಂಕಿ ತೋರಿಸುವುದನ್ನು ಆನಂತರದ ಪ್ರಯೋಗಗಳು ಎತ್ತಿ ತೋರಿಸಿದವು. ನಿದ್ದೆ, ಹಿಂದಿನ ರಾತ್ರಿಯ ಊಟ, ಮೈಗೆ ಬಿದ್ದ ಕೆಲಸ, ಮನಸ್ಸಿನ ಬೇಗುದಿ, ಎಲ್ಲವೂ ಆ ಅಂಕಿಯೊಳಗೆ ಸೇರಿರುತ್ತವೆ. ಒಂದು ಅಳತೆಯನ್ನು ನಂಬಿ ಬದುಕಿಡೀ ಇಡ್ಲಿ ಬಿಡುವುದು, ಬಾಳೆಹಣ್ಣು ಬಿಡುವುದು ವಿಜ್ಞಾನವಲ್ಲ, ಜಾತಕ ನೋಡಿದಂತೆ.

ವ್ಯಕ್ತಿಗೆ ತಕ್ಕ ಆಹಾರ ಎಂಬ ತತ್ವವನ್ನು ಕಂಪನಿಗಳಿಗೆ ಬಿಟ್ಟುಕೊಡಬೇಕಾಗಿಲ್ಲ ಎಂಬುದಕ್ಕೆ ಅತ್ಯಂತ ಸರಳ ಸಾಕ್ಷಿ ಮನೆಯ ಗ್ಲೂಕೋಮೀಟರ್. ಅದರ ಒಂದು ಪಟ್ಟಿಗೆ ಹೋಟೆಲಿನ ತಿಂಡಿಯೊಂದಕ್ಕಿಂತ ಹೆಚ್ಚಿನ ಬೆಲೆಯಿಲ್ಲ. ಊಟಕ್ಕೆ ಮೊದಲು ಒಮ್ಮೆ, ಊಟ ಆರಂಭಿಸಿದ ಎರಡು ಗಂಟೆಯ ನಂತರ ಒಮ್ಮೆ ಅಳೆಯುವುದು. ಅದೇ ಊಟವನ್ನು ಬೇರೆ ಬೇರೆ ಮೂರು ದಿನ ಹೀಗೆ ನೋಡುವುದು. ಆಮೇಲೆ ಅನ್ನದ ಅರ್ಧ ತೆಗೆದು ಹುರುಳಿ ಅಥವಾ ಹೆಸರುಕಾಳಿನ ಪಲ್ಯ ಸೇರಿಸಿ ಮತ್ತೆ ಮೂರು ದಿನ ನೋಡುವುದು. ಶಾಲೆಯ ನೋಟುಪುಸ್ತಕದ ಎರಡು ಪುಟದಲ್ಲಿ ಬರುವ ಉತ್ತರ ಯಾವ ಚಂದಾದಾರಿಕೆಗೂ ಕಡಿಮೆಯದಲ್ಲ. ಚೆನ್ನೈನಲ್ಲಿ ೨೦೧೪ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಬಿಳಿ ಅಕ್ಕಿಯ ಬದಲು ತೌಡಿರುವ ಅಕ್ಕಿ ಉಂಡವರ ಗ್ಲೂಕೋಸಿನ ಏರಿಕೆ ಸುಮಾರು ಶೇ. ೨೦ರಷ್ಟು ತಗ್ಗಿತ್ತು, ಕಾಳು ಸೇರಿಸಿದಾಗ ಇನ್ನೂ ಸ್ವಲ್ಪ. ಉಂಡವರು ಕೆಲವೇ ಜನ, ಆದ್ದರಿಂದ ಅಂಕಿಯನ್ನು ತೀರಾ ಬಿಗಿಯಾಗಿ ಹಿಡಿಯಬೇಕಾಗಿಲ್ಲ. ದಿಕ್ಕು ಮಾತ್ರ ಸ್ಪಷ್ಟ.

ಆದರೆ ಗ್ಲೂಕೋಸ್ ಒಂದೇ ಇಡೀ ರೋಗಕೂಟವಲ್ಲ. ಒಂದೇ ಊರಿನ ಮೂವರನ್ನು ಕಲ್ಪಿಸಿಕೊಂಡರೆ ಚೀಟಿ ಏಕೆ ಬೇರೆಯಾಗಬೇಕೆಂಬುದು ತಿಳಿಯುತ್ತದೆ. ಮೊದಲನೆಯವರು ಐವತ್ತು ದಾಟಿದ ತೋಟಿಗರು. ಸೊಂಟ ೯೮ ಸೆಂಟಿಮೀಟರ್, ಟ್ರೈಗ್ಲಿಸರೈಡ್ ೨೪೦, ಗ್ಲೂಕೋಸ್ ೧೧೨, ರಕ್ತದೊತ್ತಡ ಸರಿಯಿದೆ. ತೋಟಕ್ಕೆ ಹೋಗುವುದೂ ಬೈಕಿನಲ್ಲಿ. ದಿನಕ್ಕೆ ನಾಲ್ಕು ಬಾರಿ ಆಸರಿಗೆ ಸಿಹಿ ಚಹಾ. ಇವರಿಗೆ ಮಾತ್ರೆಗಿಂತ ಮೊದಲು ಬೇಕಾದದ್ದು ಚಹಾದ ಸಕ್ಕರೆ ನಿಲ್ಲಿಸುವುದು, ರಾತ್ರಿಯ ಅನ್ನವನ್ನು ಅರ್ಧಕ್ಕಿಳಿಸುವುದು, ತೂಕದಲ್ಲಿ ಐದಾರು ಕಿಲೋ ಇಳಿಸುವುದು. ಟ್ರೈಗ್ಲಿಸರೈಡ್ ಏರಿತೆಂದರೆ ಎಣ್ಣೆ-ತುಪ್ಪವೇ ಕಾರಣ ಎಂದು ಬಹಳ ಜನ ಭಾವಿಸುತ್ತಾರೆ. ಹೆಚ್ಚಾದ ಸಕ್ಕರೆ ಮತ್ತು ಪಿಷ್ಟವನ್ನು ಯಕೃತ್ತು ಕೊಬ್ಬಾಗಿ ಪರಿವರ್ತಿಸಿ ರಕ್ತಕ್ಕೆ ಬಿಡುತ್ತದೆ ಎಂಬುದು ಅವರಿಗೆ ಯಾರೂ ಹೇಳಿರುವುದಿಲ್ಲ.

ಎರಡನೆಯವರು ಅವರ ತಾಯಿ. ವಯಸ್ಸು ೭೮, ತೆಳ್ಳನೆಯ ಮೈ, ರಕ್ತದೊತ್ತಡ ೧೫೦ ದಾಟಿದೆ, ಹಲವು ವರ್ಷಗಳಿಂದ ಸಕ್ಕರೆಯ ಮಾತ್ರೆ. ಮಗನಿಗೆ ಹೇಳಿದ್ದನ್ನೇ ಇವರಿಗೂ ಹೇಳಿದರೆ ಅಪಾಯ. ಇವರು ತೂಕ ಇಳಿಸಬಾರದು. ಇಳಿಯುವುದು ಕೊಬ್ಬಲ್ಲ, ಸ್ನಾಯು. ಮಾತ್ರೆ ನುಂಗಿ ಅನ್ನ ಬಿಟ್ಟರೆ ನಡುರಾತ್ರಿ ಗ್ಲೂಕೋಸ್ ಕುಸಿದು ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಸಲ್ಫೊನಿಲ್‌ಯೂರಿಯಾ ವರ್ಗದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಊಟ ಕಡಿಮೆ ಮಾಡಲೇಬಾರದು. ಈ ತಾಯಿಗೆ ಬೇಕಾದದ್ದು ಗಂಜಿಯ ಜೊತೆಗಿನ ಉಪ್ಪಿನಕಾಯಿಯ ಬದಲು ತಿಳಿಮಜ್ಜಿಗೆಯ ತಂಬುಳಿ, ದಿನಕ್ಕೊಂದು ಬಟ್ಟಲು ಬೇಯಿಸಿದ ಕಾಳು, ಒಂದು ಲೋಟ ಹಾಲು ಹೆಚ್ಚು. ಮೂತ್ರಪಿಂಡ ಸೋತಿದ್ದರೆ ಅದೂ ಬದಲಾಗುತ್ತದೆ. ಆಗ ಬಾಳೆದಿಂಡು, ಸೊಪ್ಪು, ಕಾಳುಗಳಿಗೂ ಮಿತಿ ಬೇಕು. ಮಕ್ಕಳು ಬೆಂಗಳೂರು ಸೇರಿ ಮುದುಕರಿಬ್ಬರೇ ಉಳಿದ ಮನೆಗಳಲ್ಲಿ ಬೆಳಿಗ್ಗೆ ಮಾಡಿದ ಅನ್ನ-ಸಾರೇ ರಾತ್ರಿಗೂ, ನಡುವೆ ಬ್ರೆಡ್ಡು ಮತ್ತು ಬಿಸ್ಕತ್ತು. ಆ ಮನೆಗಳಿಗೆ ಪಥ್ಯದ ಪಟ್ಟಿಗಿಂತ ಒಂದು ಹೊತ್ತಿನ ಒಳ್ಳೆಯ ಊಟ ಒದಗಿಸುವವರು ಬೇಕು.

ಮೂರನೆಯವನು ಕೊನೆಗೌಡ. ನಲವತ್ತರ ಪ್ರಾಯ, ಮರ ಹತ್ತುವ ಮೈ, ಸೊಂಟ ೮೦ ಸೆಂಟಿಮೀಟರೂ ಇಲ್ಲ. ಆದರೂ ಗ್ಲೂಕೋಸ್ ೧೮೦. ‘ದುಡಿಯುವ ದೇಹಕ್ಕೆ ಶುಗರ್ ಬರುವುದಿಲ್ಲ’ ಎಂಬ ಮಾತನ್ನು ನಂಬಿ ಆತ ಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ. ವರ್ಷದಲ್ಲಿ ಕೆಲವೇ ತಿಂಗಳ ದುಡಿಮೆ, ಉಳಿದ ತಿಂಗಳು ಬಿಡುವು. ಸಂಜೆ ಸಾರಾಯಿಯ ಪ್ಯಾಕೆಟ್ ನಿಂತುಹೋಗಿ ಅದರ ಜಾಗಕ್ಕೆ ಬಂದ ಬಾಟಲಿ. ಮನೆಯಲ್ಲಿ ಪಡಿತರದ ಅಕ್ಕಿ. ಆ ಅಕ್ಕಿ ಹಸಿವನ್ನು ನೀಗಿಸಿದೆ, ಅದನ್ನು ಹಗುರವಾಗಿ ಕಾಣುವ ಹಕ್ಕು ತುಂಬಿದ ಹೊಟ್ಟೆಯವರಿಗಿಲ್ಲ. ಆದರೆ ಕೊಯ್ಲಿನ ದಿನದ ಊಟ ಮತ್ತು ಮಳೆಗಾಲದ ಬಿಡುವಿನ ದಿನದ ಊಟ ಒಂದೇ ಪ್ರಮಾಣದಲ್ಲಿರಬಾರದು ಎಂದು ಆತನಿಗೆ ಹೇಳುವವರಾರು? ಉಪಕೇಂದ್ರದ ಶುಶ್ರೂಷಕಿ ಮತ್ತು ಆಶಾ ಕಾರ್ಯಕರ್ತೆ ಮೂವತ್ತು ದಾಟಿದ ಎಲ್ಲರನ್ನೂ ತಪಾಸಣೆ ಮಾಡಬೇಕೆಂಬ ಸರ್ಕಾರದ ಕಾರ್ಯಕ್ರಮವಿದೆ. ಅವರು ಹೋಗುವ ಹೊತ್ತಿಗೆ ಆತ ತೋಟದಲ್ಲಿರುತ್ತಾನೆ.

ಮೂವರ ಚೀಟಿಯನ್ನೂ ಒಂದೇ ಅಡುಗೆಮನೆ ಪೂರೈಸಬೇಕಾದಾಗ ಹೊರೆ ಬೀಳುವುದು ಯಾರ ಮೇಲೆ ಎಂಬುದನ್ನು ಈ ಬಗೆಯ ಲೇಖನಗಳು ಸಾಮಾನ್ಯವಾಗಿ ಮರೆಯುತ್ತವೆ. ಒಂದೆಲಗ ಕೊಯ್ದು, ತೊಳೆದು, ಅರೆದು ತಂಬುಳಿ ಮಾಡಲು, ಕೆಸುವಿನೆಲೆಯ ನಾರು ತೆಗೆದು ಪತ್ರೊಡೆ ಸುತ್ತಲು, ಬಾಳೆದಿಂಡಿನ ನೂಲು ಬಿಡಿಸಲು ಗಂಟೆಗಟ್ಟಲೆ ಕಾಲ ಬೇಕು. ಹಳೆಯ ಊಟದ ವೈವಿಧ್ಯ ನಿಂತಿದ್ದು ಹೆಂಗಸರ ಲೆಕ್ಕಕ್ಕೆ ಸಿಗದ ದುಡಿಮೆಯ ಮೇಲೆ. ಅವರೇ ಎಲ್ಲರಿಗಿಂತ ಕೊನೆಗೆ, ಉಳಿದದ್ದನ್ನು ಉಣ್ಣುತ್ತಿದ್ದರು. ಉಳಿಯುತ್ತಿದ್ದದ್ದು ಬಹುಪಾಲು ಅನ್ನ ಮತ್ತು ಸಾರಿನ ತಿಳಿ. ಗರ್ಭಿಣಿಯಿದ್ದಾಗ ಸಕ್ಕರೆ ಕಾಣಿಸಿಕೊಂಡು ಹೆರಿಗೆಯಾದ ಮೇಲೆ ‘ಹೋಯಿತು’ ಎಂದು ಬಿಟ್ಟುಬಿಟ್ಟ ಹೆಂಗಸರು ಮುಂದೆ ಮಧುಮೇಹಕ್ಕೆ ಹೆಚ್ಚು ತುತ್ತಾಗುತ್ತಾರೆಂಬುದು ಗೊತ್ತಿರುವ ಸಂಗತಿ. ಆದರೂ ಮನೆಯ ಗಂಡಸಿನ ಪಥ್ಯಕ್ಕೆ ಅಡುಗೆ ಬದಲಾಗುವಷ್ಟು ಸುಲಭವಾಗಿ ಹೆಂಗಸಿನ ಪಥ್ಯಕ್ಕೆ ಬದಲಾಗುವುದಿಲ್ಲ. ಗಂಡಸರು ಸೊಪ್ಪು ಸೋಸಲು ಕುಳಿತುಕೊಳ್ಳದ ಮನೆಯಲ್ಲಿ ಯಾವ ಆಹಾರಕ್ರಮವೂ ಆರು ತಿಂಗಳು ದಾಟದು.

ಇನ್ನು ಕವಳದ ವಿಷಯ. ಅಡಿಕೆಯ ನಾಡಿನಲ್ಲಿ ಈ ಮಾತು ಒಗ್ಗುವುದಿಲ್ಲ, ಆದರೂ ಆಡದೆ ಬಿಡುವಂತಿಲ್ಲ. ತಂಬಾಕಿಲ್ಲದ ಕವಳವೂ, ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೦೪ರಲ್ಲಿ ಪ್ರಕಟಿಸಿದ ವರದಿಯಲ್ಲಿ ತೀರ್ಮಾನಿಸಿದೆ. ಅಷ್ಟೇ ಅಲ್ಲ, ೧೯೯೪ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಡಿಕೆ ತಿಂದ ಇಲಿಗಳಲ್ಲಿ ಗ್ಲೂಕೋಸ್ ನಿಭಾಯಿಸುವ ಶಕ್ತಿ ಕುಂದಿತು. ಅವುಗಳ ಮರಿಗಳಲ್ಲಿಯೂ ಅದು ಕಾಣಿಸಿತು. ತೈವಾನಿನ ಜನಸಮುದಾಯದ ಅಧ್ಯಯನಗಳಲ್ಲಿ ಅಡಿಕೆ ಜಗಿಯುವವರಲ್ಲಿ ಚಯಾಪಚಯ ರೋಗಕೂಟ ಹೆಚ್ಚಾಗಿ ಕಂಡಿದೆ. ಬೆಳೆಯುವವರ ಹಿತ ಬೇರೆ, ಜಗಿಯುವವರ ಹಿತ ಬೇರೆ. ದಿನಕ್ಕೆ ಹತ್ತು ಕವಳ ಹಾಕುವ ಮಧುಮೇಹಿಗೆ ಅನ್ನ ಬಿಡಿಸುವ ವೈದ್ಯರು ಕವಳದ ಬಗ್ಗೆ ಕೇಳುವುದೇ ಇಲ್ಲ.

ಬೊಜ್ಜು ಕರಗಿಸುವ ಪೇಟೆಯ ಆಸೆ ಈ ಕಾಡಿಗೆ ಏನು ಮಾಡಿತೆಂಬುದಕ್ಕೆ ಉಪ್ಪಾಗೆ ಸಾಕ್ಷಿ. ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೂಕ ಇಳಿಸುತ್ತದೆಂಬ ಪ್ರಚಾರದಿಂದ ೧೯೯೦ರ ದಶಕದಲ್ಲಿ ಬೆಲೆ ಏರಿತು. ಉತ್ತರ ಕನ್ನಡದ ಕಾಡುಗಳಲ್ಲಿ ಹಣ್ಣಾಗುವ ಮೊದಲೇ ಕಾಯಿ ಕೊಯ್ದರು, ಕೊಂಬೆ ಕಡಿದರು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿರಾಶಿ ಕಟ್ಟಿಗೆ ಸುಟ್ಟರು. ೧೯೯೮ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ೧೩೫ ಜನರ ಮೇಲಿನ ೧೨ ವಾರಗಳ ಪ್ರಯೋಗ ಪ್ರಕಟವಾಯಿತು: ಉಪ್ಪಾಗೆಯ ಮಾತ್ರೆ ನುಂಗಿದವರು ಇಳಿಸಿದ್ದು ಸರಾಸರಿ ೩.೨ ಕಿಲೋ, ಹುಸಿಮಾತ್ರೆ ನುಂಗಿದವರು ೪.೧ ಕಿಲೋ. ಮಾತ್ರೆಯ ವ್ಯಾಪಾರ ಮಾತ್ರ ಅದರಿಂದ ನಿಲ್ಲಲಿಲ್ಲ. ಸಾರಿಗೆ ಒಂದು ಸಿಪ್ಪೆ ಉಪ್ಪಾಗೆ ಹಾಕುವ ಮನೆಗೆ ಈ ಗೊಡವೆಯೇ ಇರಲಿಲ್ಲ.

ಕೆಲಸಕ್ಕೆ ಬರುವುದು ಯಾವುದು ಎಂಬುದು ಗುಟ್ಟೇನೂ ಅಲ್ಲ. ಅಮೆರಿಕದಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಶೇ. ೭ರಷ್ಟು ತೂಕ ಇಳಿಸುವ ಮತ್ತು ವಾರಕ್ಕೆ ೧೫೦ ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹ ಬರುವ ಸಂಭವ ಶೇ. ೫೮ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ಶೇ. ೩೧. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ೨೦೦೬ರಲ್ಲಿ ಪ್ರಕಟಿಸಿದ ಭಾರತೀಯ ಪ್ರಯೋಗದಲ್ಲಿ ಜೀವನಕ್ರಮದ ಬದಲಾವಣೆಯ ಫಲ ಶೇ. ೨೮.೫. ಅಲ್ಲಿನಷ್ಟು ದೊಡ್ಡದಲ್ಲ, ಆದರೆ ಮಾತ್ರೆಗೆ ಸಮನಾಗಿತ್ತು. ಗಮನಾರ್ಹವೆಂದರೆ ಇಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಫಲ ಸಿಕ್ಕಿತು.

ಘಟ್ಟದಲ್ಲಿ ನಡೆಯುವುದಕ್ಕೂ ಋತುವಿನ ಲೆಕ್ಕವಿದೆ. ಸೊಪ್ಪಿನಬೆಟ್ಟದಿಂದ ತೋಟಕ್ಕೆ ಸೊಪ್ಪಿನ ಹೊರೆ ಹೊತ್ತು ಇಳಿಯುತ್ತಿದ್ದ ಕಾಲಿಗೆ ವ್ಯಾಯಾಮದ ಉಪದೇಶ ಬೇಕಿರಲಿಲ್ಲ. ಈಗ ಹೊರೆ ವಾಹನದಲ್ಲಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಜಡಿಮಳೆ, ಕಾಲಿಗೆ ಉಂಬಳ, ಹೊರಗೆ ಹೆಜ್ಜೆಯಿಡಲಾರದ ಕೆಸರು. ಆ ತಿಂಗಳುಗಳಲ್ಲೇ ಕರಿದ ಹಪ್ಪಳ ಮತ್ತು ಹಲಸಿನ ಚಿಪ್ಸು. ಪೇಟೆಯ ಪುಸ್ತಕಗಳ ‘ಬೆಳಗಿನ ವಾಯುಸಂಚಾರ’ ಇಲ್ಲಿ ನಾಲ್ಕು ತಿಂಗಳು ರಜೆಯಲ್ಲಿರುತ್ತದೆ. ಊಟವಾದ ಮೇಲೆ ಜಗಲಿಯಲ್ಲಿ ಹದಿನೈದು ನಿಮಿಷ ಅತ್ತಿಂದಿತ್ತ ನಡೆದರೂ ತೊಡೆಯ ಸ್ನಾಯುಗಳು ರಕ್ತದ ಗ್ಲೂಕೋಸನ್ನು ಹೀರಿಕೊಳ್ಳುತ್ತವೆ. ಇದಕ್ಕೆ ಇನ್ಸುಲಿನ್ನಿನ ಅಪ್ಪಣೆ ಅಷ್ಟಾಗಿ ಬೇಕಿಲ್ಲ. ಅಟ್ಟದ ಏಣಿ, ಕುರ್ಚಿಯಿಂದ ಇಪ್ಪತ್ತು ಬಾರಿ ಎದ್ದು ಕೂರುವುದು, ಕೊಟ್ಟಿಗೆಯ ಕೆಲಸ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕುಳಿತು ಅಡಿಕೆ ಸುಲಿಯುವುದು ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಒಬ್ಬೊಬ್ಬರ ಸಂಯಮಕ್ಕೆ ಬಿಟ್ಟ ವಿಷಯವಾಗಿದ್ದರೆ ಪರಿಸರದ ಪತ್ರಿಕೆಯಲ್ಲಿ ಅದಕ್ಕೆ ಜಾಗ ಬೇಕಿರಲಿಲ್ಲ. ತನಗೆ ತಕ್ಕದ್ದನ್ನು ಆಯ್ದುಕೊಳ್ಳಬೇಕಾದರೆ ಆಯಲು ಹತ್ತಾರು ಬಗೆಯಿರಬೇಕು. ಅಂಗಡಿಯಲ್ಲಿ ಒಂದೇ ಬಿಳಿ ಅಕ್ಕಿ, ಸಂತೆಯಲ್ಲಿ ಐದೇ ತರಕಾರಿಯಿರುವ ಊರಿನಲ್ಲಿ ‘ವ್ಯಕ್ತಿಗೆ ತಕ್ಕ ಆಹಾರ’ ಎಂಬುದು ಬರಿಯ ಮಾತು. ಗದ್ದೆ ತೋಟವಾಗುವುದನ್ನು ನೀರಿನ, ಕಾಡಿನ, ಕಪ್ಪೆ-ಮೀನುಗಳ ದೃಷ್ಟಿಯಿಂದ ಚಳವಳಿ ವಿರೋಧಿಸುತ್ತ ಬಂದಿದೆ. ಸೊಂಟದ ಅಳತೆಯ ದೃಷ್ಟಿಯಿಂದಲೂ ವಿರೋಧಿಸುವ ಕಾಲ ಬಂದಿದೆ. ಅಡಿಕೆ ಬಿಟ್ಟು ಬತ್ತ ಬೆಳೆಯಿರಿ ಎಂದು ನಷ್ಟದ ಲೆಕ್ಕ ತಿಳಿದ ರೈತನಿಗೆ ಹೇಳುವುದು ಅನ್ಯಾಯ. ಆದರೆ ಪ್ರತಿ ಊರಿನಲ್ಲಿ ನಾಲ್ಕೈದು ಮನೆ ಸೇರಿ ಒಂದು ಎಕರೆ ಗದ್ದೆಯನ್ನು ಮನೆಬಳಕೆಯ ಕೆಂಪಕ್ಕಿಗೆ ಉಳಿಸಿಕೊಳ್ಳುವುದು, ಅದರ ಬದುವಿನಲ್ಲಿ ಅಲಸಂದೆ ಹಾಕುವುದು ಅಸಾಧ್ಯವಲ್ಲ.

ಅದಕ್ಕೆ ಮೊದಲು ಬೇಕಾದದ್ದು ಗಿರಣಿ. ರಬ್ಬರ್ ಉರುಳೆಯ ಸಣ್ಣ ಹಲ್ಲರ್ ಹೊಟ್ಟನ್ನು ಮಾತ್ರ ಸುಲಿದು ತೌಡನ್ನು ಉಳಿಸುತ್ತದೆ. ಸೇವಾ ಸಹಕಾರಿ ಸಂಘಗಳು ಅಡಿಕೆ ಸುಲಿಯುವ ಯಂತ್ರಕ್ಕೆ ಸಾಲ ಕೊಡುವಂತೆ ಇದಕ್ಕೂ ಕೊಡಬಹುದು. ಹದಿನೈದು ದಿನಕ್ಕೊಮ್ಮೆ ಬೇಕಾದಷ್ಟೇ ಬತ್ತ ಸುಲಿಸಿಕೊಂಡರೆ ತೌಡು ಕಮಟುವ ಪ್ರಶ್ನೆಯಿಲ್ಲ. ತೌಡಕ್ಕಿ ನುಂಗಲಾರದ ಮುದುಕರಿಗೆ, ಮಕ್ಕಳಿಗೆ ಅದೇ ಯಂತ್ರದಲ್ಲಿ ಸುಲಿದ ಕುಚ್ಚಲಕ್ಕಿಯ ಗಂಜಿ. ಸಂಘದ ವಾರ್ಷಿಕ ಸಭೆಯ ದಿನ ಬಾಗಿಲಲ್ಲಿ ಒಂದು ಅಳತೆಪಟ್ಟಿ, ಒಂದು ಬಿ.ಪಿ. ಯಂತ್ರ, ಒಂದು ಗ್ಲೂಕೋಮೀಟರ್ ಇಟ್ಟುಕೊಂಡು ಆಶಾ ಕಾರ್ಯಕರ್ತೆ ಕುಳಿತರೆ, 'ಮನೆಯಲ್ಲಿ ಸಿಗದ' ಗಂಡಸರೆಲ್ಲ ಅಲ್ಲಿ ಸಿಗುತ್ತಾರೆ. ಕೊನೆಗೌಡನಿಗೂ ಅಂದು ಕೆಲಸವಿರುವುದಿಲ್ಲ. ತೋಟದ ಯಜಮಾನರೆಲ್ಲ ಸಭೆಯಲ್ಲಿರುವಾಗ ಆತನನ್ನೂ ಕರೆಯಬೇಕು. ಸಭೆಯ ಊಟಕ್ಕೆ ಒಂದು ಬಾರಿ ಹೆಗ್ಗೆಯ ಅಕ್ಕಿ, ಹುರುಳಿ ಸಾರು, ಒಂದೆಲಗದ ತಂಬುಳಿ, ಗುಜ್ಜೆ ಪಲ್ಯ ಬಡಿಸಿ, ಉಂಡ ಎರಡು ಗಂಟೆಯ ಮೇಲೆ ಇಷ್ಟವಿದ್ದವರ ಬೆರಳು ಚುಚ್ಚಿ ನೋಡಬಹುದು. ಮುಂದಿನ ಸಭೆಯಲ್ಲಿ ಎಂದಿನ ಊಟ ಬಡಿಸಿ, ಅದೇ ಜನರನ್ನು ಮತ್ತೆ ನೋಡಿದರಾಯಿತು.